ಡಬ್ಬಿ ನಂಬರ್ ಅದ, ಒಳಗಿನ ಚಿಪ್ ಬ್ಯಾರೆ

ಅಪ್ಪಾರ 1997ರ ದೇವೂ ಸಿಯೆಲೋ ಕಾರು ಇನ್ನೂ ಐತೇನೋ ಅಂತ ಕೇಳೋರಿಗೆ, ಐತಿ, ನಿನ್ನಿ ಧಾರವಾಡಕ್ಕ ಹೋಗಿ ಬಂತು. ಆದ್ರ ಜುಲೈದಿಂದ ಮೂರು ತಿಂಗಳು ಮನಿ ಮುಂದ ತಾಡಪತ್ರಿ ಹೊದ್ದು ಕುಂತಿತ್ತು.

ಮುಂದಿನ ಗ್ಲಾಸ್ ಬುಡದಾಗ ನೀರು ಹೋಗೋ ತೂತು ಇರತಾವಲ್ಲ, ಅವು ಬೇವಿನ ಎಲಿ ತುಂಬಿ ಕಟ್ಕೊಂಡಿದ್ವು. ಮಳಿನೀರು ಒಳಗ ಇಳದು, ಕಾಲಿಡೋ ಕಡೆ ಸೈಡಿನ ಪ್ಲಾಸ್ಟಿಕ್ ಹಿಂದ ಇರೋ ಇಂಜಿನ್ ಕಂಪ್ಯೂಟರಿನ ಡಬ್ಬ್ಯಾಗ ಹೊಕ್ಕು, ಮೊದಲ ಜರ್ಕ್ ಹೊಡೀತು, ಆಮ್ಯಾಲ ಸ್ಟಾರ್ಟರ್ ತಿರಗತೈತಿ ಸ್ಪಾರ್ಕ್ ಇಲ್ಲ. ಡಬ್ಬಿ ಬಿಚ್ಚಿದ್ರ ಬೋರ್ಡ್ ತುಂಬ ಹಸರು ಜಂಗು. ತಪ್ಪು ನಂದ, ಎಲಿ ತಗೀಬೇಕಿತ್ತು.

ಗೋಕುಲ ರೋಡ್ ಕಡೆ ನಮ್ಮ ಗಾಡಿ ನೋಡೋ ಕಾಕಾ ಅಂದ, "ತಮ್ಮಾ, ಈ ಗಾಡಿ ಮಾಡೋದ ಬಿಟ್ಟು ಯಾವ ಕಾಲ ಆತು, ಹೊಸಾದು ಎಲ್ಲಿ ತರ್ತಿ, ಸ್ಕ್ರ್ಯಾಪಿನ್ಯಾಗ ಹುಡುಕು." ದಿಲ್ಲಿ ಕಡೆ ಒಬ್ಬಾವನ ಹತ್ರ ಹಳೆ ಕಂಪ್ಯೂಟರ್ ಡಬ್ಬಿ ಸಿಕ್ತು, ನಾಲ್ಕೂವರಿ ಸಾವಿರ. ಲೇಬಲ್ ನಂಬರ್ ಒಂದೂ ಬಿಡದಂಗ ಹೊಂದತಿತ್ತು, ಅದನ್ನ ನೋಡೇ ನಾ ಮೋಸ ಹೋದ್ನಿ. ಹಾಕಿದ ಕೂಡ್ಲೆ ಗಾಡಿ ಸ್ಟಾರ್ಟ್ ಆತು, ಅಪ್ಪಾರು ಪೇಡೆ ತರಸಿದ್ರು.

ಹತ್ತು ನಿಮಿಷ ಆಗಿ ಇಂಜಿನ್ ಬಿಸಿ ಆದ ಮ್ಯಾಲ ಚೆಕ್ ಇಂಜಿನ್ ಲೈಟ್ ಹತ್ತಿತು. ಪೆಟ್ರೋಲ್ ವಾಸನಿ, ಪಿಕಪ್ ಇಲ್ಲ, ಐಡ್ಲಿಂಗ್ ಡಗಡಗ. ಪೆಟ್ರೋಲ್-ಗಾಳಿ ಮಿಕ್ಸ್ಚರ್ ಸೆಟ್ ಮಾಡೋ ಸಿಒ ತಿರುಪು ಎಷ್ಟು ತಿರಗಿಸಿದ್ರೂ ಇಂಜಿನ್‌ಗೆ ಗೊತ್ತ ಇಲ್ಲ. ಈ ಹಳೆ ಗಾಡಿಗೆ ಸ್ಕ್ಯಾನರ್ ಬೇಕಾಗಂಗಿಲ್ಲ, ತಪಾಸಣಿಗೆ ಅಂತ ಇರೋ 12 ಪಿನ್ನಿನ ಕನೆಕ್ಟರ್‌ದಾಗ ಎ ಮತ್ತ ಬಿ ಪಿನ್ನಿಗೆ ಒಂದು ತುಂಡು ವೈರ್ ಹಚ್ಚಿ ಇಗ್ನಿಷನ್ ಆನ್ ಮಾಡಿದ್ರ ಚೆಕ್ ಲೈಟ ಮಿಣುಕಿ ಹೇಳತೈತಿ. ಒಮ್ಮೆ ಮಿಣುಕಿ, ತಡದು, ಎರಡು ಸಲ ಮಿಣುಕಿದ್ರ 12, ಅಂದ್ರ ಇಂಜಿನ್ ತಿರಗವಲ್ದು ಅಷ್ಟ, ಕಂಪ್ಯೂಟರ್ ಜೀವಂತ ಐತಿ ಅಂತ ಅರ್ಥ. ಅದರ ಹಿಂದ ಬಂದಿದ್ದು 13.

"13 ಅಂದ್ರ ಆಕ್ಸಿಜನ್ ಸೆನ್ಸರ್ ಸರ್ಕಿಟ್, ಸೆನ್ಸರ್ ಹೋಗೈತಿ, ಬದ್ಲಿ ಮಾಡೂಣು" ಅಂತ ಕಾಕಾ ಸ್ಪ್ಯಾನರ್ ಹಿಡಕೊಂಡು ಗಾಡಿ ಕೆಳಗ ಹೋದ. ಐದು ನಿಮಿಷ ಸಪ್ಪಳ ಇಲ್ಲ. ಆಮ್ಯಾಲ ಕೆಳಗಿಂದನ, "ತಮ್ಮಾ, ಸೆನ್ಸರ್ ಎಲ್ಲೈತೋ?"

ಇಲ್ಲ. ಹೊಗಿಯೊಳಗಿನ ಆಕ್ಸಿಜನ್ ನೋಡಿ ಮಿಕ್ಸ್ಚರ್ ಹೆಂಗೈತಿ ಅಂತ ಕಂಪ್ಯೂಟರಿಗೆ ಹೇಳೋ ಆ ಸೆನ್ಸರ್ ನಮ್ಮ ಗಾಡಿಗೆ ಇರಲೇ ಇಲ್ಲ! 1995ರ ಏಪ್ರಿಲ್‌ದಾಗ ಸೀಸ ಇಲ್ಲದ ಪೆಟ್ರೋಲ್ ಬಂದಿದ್ದು ದಿಲ್ಲಿ, ಮುಂಬೈ, ಕೋಲ್ಕತಾ, ಚೆನ್ನೈ ನಾಲ್ಕಕ್ಕ ಅಷ್ಟ, ದೇಶದ ತುಂಬ ಸಿಗಾಕ 2000 ಬರಬೇಕಾತು. ಸೀಸದ ಪೆಟ್ರೋಲಿಗೆ ಹೊಗಿ ಸ್ವಚ್ಛ ಮಾಡೋ ಕ್ಯಾಟಲಿಟಿಕ್ ಕನ್ವರ್ಟರೂ ಕೆಡತೈತಿ, ಆಕ್ಸಿಜನ್ ಸೆನ್ಸರೂ ಕೆಡತೈತಿ, ಅದಕ್ಕ ನಮ್ಮಂಥಾ ಗಾಡಿಗೆ ಸೆನ್ಸರ್ ಬದ್ಲಿ ತಿರುಪು. ದಿಲ್ಲಿ ಡಬ್ಬಿ ಒಳಗ ಇಂಜಿನ್ ನಡಸೋ ಪ್ರೋಗ್ರಾಮ್ ಇರೋ ಚಿಪ್ ಸೆನ್ಸರ್ ಇದ್ದ ಗಾಡೀದು, ನಮ್ದು ತಿರುಪಿನ ಗಾಡಿ. ಇಲ್ಲದ ಸೆನ್ಸರಿನ ದಾರಿ ಕಾಯ್ತಾ ಕುಂತಿತ್ತು ಅದು, ವೈರಿನ್ಯಾಗ ವೋಲ್ಟೇಜ್ 0.45ರ ಹತ್ರನ ನಿಂತಿತ್ತು, ಮ್ಯಾಲೂ ಇಲ್ಲ ಕೆಳಗೂ ಇಲ್ಲ.

ಹಂಗಾದ್ರ ನಮ್ಮ ಹಳೆ ಚಿಪ್ ತಗದು ದಿಲ್ಲಿ ಡಬ್ಬಿಗೆ ಹಾಕಿದ್ರ ಮುಗೀತು. ನಾ ಶಾಣ್ಯಾ, ಸ್ಕ್ರೂಡ್ರೈವರ್‌ಲೆ ಎಬ್ಬಿಸಿದ್ನಿ, 28 ಕಾಲಿನ್ಯಾಗ ಜಂಗು ತಿಂದಿದ್ದ ಒಂದು ಕಾಲು ಲಟಕ್ ಅಂತ ಮುರೀತು.

ವಿದ್ಯಾನಗರದಾಗ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡೋ ಗೆಳೆಯಾ ಮುರಕೊಂಡ ಬುಡಕ್ಕ ಕೂದಲೆಳಿ ಅಂಥಾ ವೈರ್ ಬೆಸದು, ಚಿಪ್ ಓದಿ ಬರಿಯೋ ಮಶೀನಿಗೆ, ಅಂದ್ರ ಪ್ರೋಗ್ರಾಮರ್‌ಗೆ, ಹಾಕಿ ಓದಿಸಿದ. ಮೊದಲಿನ ಎರಡು ಸಲ ಓದಿದ್ದು ಒಂದಕ್ಕೊಂದು ಹೊಂದಲಿಲ್ಲ, ಬೆಸುಗಿ ಸರಿ ಮಾಡಿ ಮತ್ತ ಮೂರು ಸಲ ಓದಿಸಿದಾಗ ಮೂರೂ ಒಂದ ಬಂತು. ಒಂದ ಸಲ ಓದಿ ನಂಬಿದ್ರ ಕೆಟ್ಟಿದ್ವಿ. ಚಿಪ್ 27ಸಿ256, ಅಂದ್ರ 32 ಕೆಬಿ, ಇವತ್ತು ವಾಟ್ಸಾಪಿನ್ಯಾಗ ಬರೋ ಗುಡ್ ಮಾರ್ನಿಂಗ್ ಫೋಟೋ ಸುದ್ದಾ ಅದರಾಗ ಹಿಡಿಯಂಗಿಲ್ಲ, ಇಡೀ ಇಂಜಿನ್ ಅದರ ಮ್ಯಾಲ ನಡೀತೈತಿ.

ಆಂವನ ಹತ್ರ ಖಾಲಿ 256 ಇರಲಿಲ್ಲ, 27ಸಿ512 ಇತ್ತು. ದೊಡ್ಡದರಾಗ ಸಣ್ಣದು ಹಿಡೀತೈತಿ, ಕಾಲೂ 28, ಬರದು ಹಾಕಿದ್ವಿ. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾತು. ಎ-ಬಿ ವೈರ್ ಹಚ್ಚಿದ್ರ 12 ಸುದ್ದಾ ಬರಲಿಲ್ಲ. ದಿಲ್ಲಿ ಚಿಪ್ ತಿರಗಿ ಹಾಕಿದ್ರ ಸ್ಟಾರ್ಟ್ ಆಗತೈತಿ, ಅಂದ್ರ ಡಬ್ಬಿ ಚಲೋನ ಐತಿ.

ರಾತ್ರಿ ಹನ್ನೊಂದಕ್ಕ ಗೆಳೆಯಾನ ಫೋನ್. 256ರ ಒಂದನೇ ಕಾಲು ಚಿಪ್ ಬರಿಯೋ ಮುಂದ ವೋಲ್ಟೇಜ್ ಕೊಡಾಕ ಇರೋದು, ಓದೋ ಮುಂದ ಬೋರ್ಡ್ ಅದನ್ನ ಸುಮ್ನ 5 ವೋಲ್ಟಿಗೆ ಕಟ್ಟಿರತೈತಿ. 512ರಾಗ ಅದ ಕಾಲು ಎ15, ಎಲ್ಲಾಕಿಂತ ಮ್ಯಾಲಿನ ಅಡ್ರೆಸ್ ಲೈನ್, ಅಂದ್ರ ಚಿಪ್ಪಿನ ಯಾವ ಅರ್ಧ ಓದಬೇಕು ಅಂತ ಹೇಳೋ ಕಾಲು. ಅಲ್ಲಿ 5 ವೋಲ್ಟ್ ಬಂದ್ರ ಚಿಪ್ ತನ್ನ ಮ್ಯಾಲಿನ ಅರ್ಧಾನ ತೋರಸತೈತಿ, ನಾವು ಬರದಿದ್ದು ಕೆಳಗಿನ ಅರ್ಧಕ್ಕ. ಕಂಪ್ಯೂಟರ್ ಪಾಪ ಖಾಲಿ ಹಾಳಿ ಓದಕೊಂತ ಕುಂತಿತ್ತು.

ಅಳಸೋದೂ ಬೇಕಾಗಲಿಲ್ಲ, ಮ್ಯಾಲಿನ ಅರ್ಧ ಖಾಲಿನ ಇತ್ತಲ್ಲ, ಅದ 32 ಕೆಬಿ ಅಲ್ಲೂ ಬರದ್ವಿ. ಚಿಪ್ಪಿನ ಮ್ಯಾಲಿನ ಗಾಜಿನ ಕಿಡಕಿಗೆ ಕರೇ ಟೇಪ್ ಹಚ್ಚಿದ್ವಿ, ಬಿಚ್ಚಿಟ್ರ ನೆಟ್ಟನ ಬಿಸಲಾಗ ಒಂದು ವಾರದಾಗ ಬರದಿದ್ದೆಲ್ಲಾ ಅಳಸಿ ಹೋಗತೈತಿ. ಈ ಸಲ 12 ಬಂತು, ಬರೇ 12. ಕಾಕಾ ಸಿಒ ತಿರುಪು ಮುಟ್ಟಿದ ಕೂಡ್ಲೆ ಇಂಜಿನ್ ದನಿ ಬದಲಾತು, ಆಂವನ ಮಾರಿ ನೋಡಬೇಕಿತ್ತು ನೀವು. ಉಣಕಲ್ ಕೆರಿ ದಾಟೋ ತನಕ ಅಪ್ಪಾರು ಒಂದು ಮಾತಾಡಲಿಲ್ಲ, ಇಂಜಿನ್ ಸಪ್ಪಳ ಕೇಳಕೊಂತ ಕುಂತಿದ್ರು, ಆಮ್ಯಾಲ ಕೇಳಿದ್ದು "ಎಲಿ ತಗದಿಯೇನ್ಲೇ?"

ದಿಲ್ಲಿ ಚಿಪ್ ನನ್ನ ಹತ್ರನ ಐತಿ. ಆಕ್ಸಿಜನ್ ಸೆನ್ಸರ್ ಇದ್ದ ಸಿಯೆಲೋ ಯಾರ ಹತ್ರಾರ ಇದ್ರ ಹೇಳ್ರಿ, ಪುಕ್ಕಟ ಕೊಡ್ತೀನಿ. ಮೊದಲ ಗಾಡಿ ಕೆಳಗ ಹೊಕ್ಕು ಸೆನ್ಸರ್ ಐತೋ ಇಲ್ಲೋ ನೋಡಕೊಂಡು ಬರ್ರಿ.