ಒಂದೇ ಹೆಸರಿನ ಐದು ಜನ

ಕಳೆದ ಶುಕ್ರವಾರ ನನ್ನ ಗಿರಾಕಿಯಾದ ಒಬ್ಬ ಹಾಡುಗಾರ್ತಿಯ ನಾಲ್ಕನೇ ಆಲ್ಬಂ ಬಿಡುಗಡೆಯಾಯಿತು. ಹತ್ತು ಹಾಡುಗಳಿವೆ. ಒಂದನ್ನೂ ಕೇಳುವ ಮೊದಲೇ ಹತ್ತರ ಖರ್ಚೂ ನನಗೆ ಬಾಯಿಪಾಠವಾಗಿತ್ತು.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನನ್ನದು ತೆರಿಗೆ ಲೆಕ್ಕ ಬರೆಯುವ ಕೆಲಸ. ಊರೆಲ್ಲ ಹಾಡುತ್ತದೆ, ನಾನು ರಸೀದಿ ಎಣಿಸುತ್ತೇನೆ. ಗಿರಾಕಿಗಳ ಲೆಕ್ಕವನ್ನು ಹೊರಗೆ ಬಾಯಿಬಿಡುವುದು ಈ ದೇಶದಲ್ಲಿ ಅಪರಾಧ, ಅದಕ್ಕೆ 7216 ಅಂತ ಒಂದು ಸೆಕ್ಷನ್ನೇ ಇದೆ. ಹಾಗಾಗಿ ಅವಳ ಕೈಲಿ ಒಪ್ಪಿಗೆ ಬರೆಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. "ಅಂಕಿ ಬೇಕಾದಷ್ಟು ಹಾಕು, ಹೆಸರು ಮಾತ್ರ ಬೇಡ" ಅಂದಳು. ಆಲ್ಬಂ ಬಂದ ವಾರವೇ ಹೀಗನ್ನುವ ಹಾಡುಗಾರ್ತಿಯನ್ನು ನಾನಂತೂ ಬೇರೆ ಕಂಡಿಲ್ಲ.

ಆರು ವರ್ಷದ ಹಿಂದೆ, ಒಂದು ಫೆಬ್ರವರಿಯಲ್ಲಿ ಬೂಟಿನ ಡಬ್ಬ ಹಿಡಿದುಕೊಂಡು ಬಂದಿದ್ದಳು. ಪೂರ್ವ ಕೆಂಟಕಿಯವಳು. 23ನೇ ಹೆದ್ದಾರಿಗೆ 'ಕಂಟ್ರಿ ಮ್ಯೂಸಿಕ್ ಹೈವೇ' ಎಂದು ಫಲಕ ಹಾಕಿದ್ದಾರಲ್ಲ, ಆ ಕಡೆಯ ಗಣಿ ಊರು. ಡಬ್ಬದಲ್ಲಿ ಪೆಟ್ರೋಲು, ಮೋಟೆಲ್ಲು, ಗಿಟಾರಿನ ತಂತಿ, ಕಾಫಿ, ಎಲ್ಲದರ ರಸೀದಿಯೂ ಒಟ್ಟಿಗೇ ಮುದುಡಿಕೊಂಡಿದ್ದವು. ಒಂದು ಕಾಫಿ ರಸೀದಿಯ ಬೆನ್ನಿಗೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಗೀಚಿತ್ತು. "ಇದು ನಿಮಗೆ ಬೇಕೇ, ನನಗೆ ಬೇಕೇ?" ಎಂದು ಕೇಳಿದೆ. ತುಸು ಯೋಚಿಸಿ, "ಮುಂಭಾಗ ನಿಮ್ಮದು, ಹಿಂಭಾಗ ನನ್ನದು" ಅಂದಳು. ಎರಡೂ ಬದಿ ಸ್ಕ್ಯಾನ್ ಮಾಡಿಕೊಂಡು ಚೀಟಿ ಹಿಂದಿರುಗಿಸಿದೆ. ಆ ನಾಲ್ಕು ಸಾಲು ಈಗ ಈ ಆಲ್ಬಮ್ಮಿನ ಏಳನೇ ಹಾಡಿನಲ್ಲಿವೆ. ಹಾಡೊಂದು ಹಣ್ಣಾಗಲು ಆರು ವರ್ಷ ಹಿಡಿಯುತ್ತದೆ ಎನ್ನುವುದಕ್ಕೆ ತಾರೀಕು ಸಮೇತ ದಾಖಲೆ ಇರುವುದು ಬಹುಶಃ ನನ್ನ ಕಪಾಟಿನಲ್ಲಿ ಮಾತ್ರ.

ಅವಳು ಹಾಡುವುದಕ್ಕೆ ಅಮೆರಿಕಾನಾ ಅನ್ನುತ್ತಾರೆ. ಕಂಟ್ರಿ, ಫೋಕ್, ಬ್ಲೂಸ್, ಗಾಸ್ಪೆಲ್ ಎಲ್ಲದರಿಂದಲೂ ಒಂದೊಂದು ಹಿಡಿ. ಗ್ರ್ಯಾಮಿಯವರು 2010ರಲ್ಲಿ ಇದಕ್ಕೊಂದು ಪ್ರತ್ಯೇಕ ಪ್ರಶಸ್ತಿ ಶುರು ಮಾಡಿದರು. ತೆರಿಗೆ ಫಾರಂಗೆ ಈ ಭೇದವೆಲ್ಲ ಗೊತ್ತಿಲ್ಲ. ಸ್ವಂತ ವೃತ್ತಿಯವರು ಆದಾಯ ತೋರಿಸುವ ಶೆಡ್ಯೂಲ್ ಸಿ ಮೇಲೆ ವೃತ್ತಿ ಸಂಕೇತ 711510 ಎಂದು ತುಂಬುತ್ತೇನೆ: ಸ್ವತಂತ್ರ ಕಲಾವಿದರು, ಬರಹಗಾರರು, ಪ್ರದರ್ಶಕರು. ಆ 'ಸ್ವತಂತ್ರ'ದ ಬೆಲೆ ಫಾರಮ್ಮಿನ ಕೊನೆಗೆ ಗೊತ್ತಾಗುತ್ತದೆ. ಸಂಬಳದ ಕೆಲಸದಲ್ಲಿ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ವೈದ್ಯಕೀಯ ವಿಮೆ) ಎಂದು ನೌಕರ ಶೇ. 7.65 ಕಟ್ಟಿದರೆ ಯಜಮಾನನೂ ಅಷ್ಟೇ ಕಟ್ಟುತ್ತಾನೆ. ಇವಳಿಗೆ ಯಜಮಾನನೂ ಇವಳೇ, ಆಳೂ ಇವಳೇ. ಒಟ್ಟು ಶೇ. 15.3.

ಲೆಕ್ಕ ಬರೆಯುತ್ತ ಬರೆಯುತ್ತ ನನಗೆ ಅವಳು ಒಬ್ಬಳಲ್ಲ, ಐದು ಜನ ಎಂದು ಅನ್ನಿಸತೊಡಗಿತು. ಹಾಡು ಬರೆದವಳು ಒಬ್ಬಳು. ಆ ಹಾಡಿನ ಹಕ್ಕು ನೋಡಿಕೊಳ್ಳುವ ಪ್ರಕಾಶಕಿ ಇನ್ನೊಬ್ಬಳು. ಹಾಡಿದವಳು, ಧ್ವನಿಮುದ್ರಣದ ಒಡತಿ, ಕಡೆಗೆ ಸಭಾಂಗಣದ ಮೂಲೆಯಲ್ಲಿ ಮಡಚುವ ಮೇಜು ಹಾಕಿಕೊಂಡು ಟೀಶರ್ಟ್ ಮಾರುವವಳು. ಐವರಿಗೂ ಬೇರೆ ಬೇರೆ ದಾರಿಯಿಂದ ದುಡ್ಡು ಬರುತ್ತದೆ, ಅಥವಾ ಬರುವುದಿಲ್ಲ. ಇಂಟರ್ನೆಟ್ ರೇಡಿಯೊ ಅಥವಾ ಉಪಗ್ರಹ ರೇಡಿಯೊದಲ್ಲಿ ಹಾಡು ಬಂದರೆ ಧ್ವನಿಮುದ್ರಣದ ಹಣದಲ್ಲಿ ಒಡತಿಗೆ ಶೇ. 50, ಹಾಡಿದವಳಿಗೆ ಶೇ. 45. ಉಳಿದ ಐದು ಪಕ್ಕವಾದ್ಯದವರ ನಿಧಿಗೆ. ಅದೇ ಹಾಡು ಊರಿನ ಎಫ್‌ಎಂನಲ್ಲಿ ಬಂದರೆ ಬರೆದವಳಿಗೂ ಪ್ರಕಾಶಕಿಗೂ ಮಾತ್ರ ರಾಯಲ್ಟಿ, ಹಾಡಿದವಳಿಗೆ ಚಿಕ್ಕಾಸಿಲ್ಲ. ಅಮೆರಿಕದ ಕಾನೂನೇ ಹಾಗೆ. ಮೊದಲ ಸಲ ಇದನ್ನು ಓದಿದಾಗ ನಾನೇ ತಪ್ಪು ತಿಳಿದುಕೊಂಡೆನೇನೋ ಎಂದು ಮತ್ತೆರಡು ಸಲ ಓದಿದ್ದೆ.

ಹತ್ತರಲ್ಲಿ ಒಂದು ಹಾಡು ಅವಳದಲ್ಲ, ಬೇರೆಯವರು ಬರೆದದ್ದು. ಅದಕ್ಕೆ ಇವಳು ಒಂದು ಪ್ರತಿಗೆ 12.7 ಸೆಂಟ್ ಕೊಡಬೇಕು, 2025ರ ದರ ಅದು. ಮುನ್ನೂರು ಎಲ್‌ಪಿ ತಟ್ಟೆಗೆ 38 ಡಾಲರ್ 10 ಸೆಂಟ್. ಈ ಪದ್ಧತಿ ಶುರುವಾದದ್ದು 1909ರಲ್ಲಿ, ತಾನೇ ನುಡಿಯುವ ಪಿಯಾನೊಗಳಿಗೆ ಹಾಕುವ ತೂತಿನ ಕಾಗದದ ಸುರುಳಿಗಾಗಿ. ಆಗ 2 ಸೆಂಟ್. ಎಪ್ಪತ್ತರ ದಶಕದ ಕೊನೆಯವರೆಗೂ ಅದೇ ಎರಡು ಸೆಂಟ್! ಮನೆ ಬಾಡಿಗೆಯೂ ಹೀಗೇ ನಿಂತಲ್ಲೇ ನಿಲ್ಲುವಂತಿದ್ದರೆ.

ಇನ್ನೊಂದು ಹಾಡು ಯಾರದೂ ಅಲ್ಲ. ಅಪಲೇಚಿಯನ್ ಬೆಟ್ಟಗಳ ಹಳೆಯ ಕೊಲೆ ಹಾಡು, ನಂಬಿ ಹಿಂದೆ ಹೋದ ಹುಡುಗಿಯನ್ನು ಹೊಳೆಗೆ ನೂಕುವ ಕಥೆ. ಕೆರೆಗೆ ಹಾರವಾದ ಸೊಸೆಯ ಕಥೆ ಕೇಳಿ ಬೆಳೆದ ನನಗೆ ಅದು ಹೊಸದೆನಿಸಲಿಲ್ಲ. ರಾಯಲ್ಟಿ ಕಾಲಂನಲ್ಲಿ ಸೊನ್ನೆ ಬರೆದೆ.

ಸ್ಟುಡಿಯೊ ಖರ್ಚಿನ ವಿಷಯದಲ್ಲಿ 2025ರಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು. ಹಿಂದಿನ ಆಲ್ಬಮ್ಮುಗಳಿಗೆ ಹಾಕಿದ ದುಡ್ಡನ್ನು ಆಯಾ ವರ್ಷದ ಆದಾಯದಿಂದಲೇ ಪೂರ್ತಿ ಕಳೆಯಲು ಬರುತ್ತಿರಲಿಲ್ಲ, ಹಲವು ವರ್ಷಕ್ಕೆ ಹಂಚಬೇಕಿತ್ತು. ಒಂದೇ ವರ್ಷದಲ್ಲಿ ಕಳೆಯುವ ಸವಲತ್ತು ಸಿನಿಮಾ, ಟೀವಿಯವರಿಗೆ 2004ರಲ್ಲೇ ಸಿಕ್ಕಿತ್ತು. ಹಾಡಿನವರಿಗೆ ಸಿಕ್ಕಿದ್ದು ಜುಲೈ 4, 2025ರಂದು ಸಹಿಯಾದ ಕಾನೂನಿನಿಂದ, ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್‌ವರೆಗೆ. ಉತ್ಸಾಹದಿಂದ ಫೋನ್ ಮಾಡಿ ಹೇಳಿದೆ. "ಒಂದೂವರೆ ಲಕ್ಷವೇ?" ಎಂದು ನಕ್ಕವಳು ಬಹಳ ಹೊತ್ತು ನಿಲ್ಲಿಸಲಿಲ್ಲ. ಅವಳು ಸ್ಟುಡಿಯೊ ಹಿಡಿದದ್ದು ನಾಲ್ಕೇ ದಿನ. ಪೆಡಲ್ ಸ್ಟೀಲ್ (ಮಲಗಿಸಿಟ್ಟು ನುಡಿಸುವ ಗಿಟಾರು) ನುಡಿಸುವವರು ಒಂದು ಮಧ್ಯಾಹ್ನದಲ್ಲಿ ನಾಲ್ಕು ಹಾಡು ಮುಗಿಸಿ ಎದ್ದರು. ಅವರಿಗೆ ಕೊಟ್ಟದ್ದು 2025ರ ಮಿತಿಯಾದ 600 ಡಾಲರ್ ದಾಟಿದ್ದರಿಂದ, ಕೊಟ್ಟ ಹಣವನ್ನು ತಿಳಿಸುವ 1099 ಫಾರಂ ಕಳಿಸಬೇಕು. ಜನವರಿಯಲ್ಲಿ ನೆನಪು ಮಾಡಬೇಕು ಅವಳಿಗೆ.

ದೊಡ್ಡ ಖರ್ಚು ರಸ್ತೆಯದು. ಕಾರಿನಲ್ಲಿಟ್ಟಿರುವ ಪುಟ್ಟ ಪುಸ್ತಕದಲ್ಲಿ ಮೈಲಿ ಬರೆಯುವುದನ್ನು ನಾನೇ ಹಟ ಹಿಡಿದು ಕಲಿಸಿದ್ದು. 2025ರ ಸೆಪ್ಟೆಂಬರ್ ಹೊತ್ತಿಗೆ 11,000 ಮೈಲಿ. ಆ ವರ್ಷದ ದರ ಮೈಲಿಗೆ 70 ಸೆಂಟ್‌ನಂತೆ 7,700 ಡಾಲರ್ ಕಳೆಯಬಹುದು. ಹಾಗೆ ಹೋದ ಒಂದು ಕಡೆ, ಓಹಾಯೋ ರಾಜ್ಯದ ಒಂದು ಸಭಾಂಗಣದವರು, ಅವಳ ಮೇಜಿನ ಮಾರಾಟದಲ್ಲೇ ಶೇ. 20 ಹಿಡಿದುಕೊಂಡರು. ಅವಳೇ ಹೊತ್ತು ತಂದದ್ದು, ಅವಳೇ ಮಾರಿದ್ದು. ಆ ಚೀಟಿಯನ್ನು 'ಕಮಿಷನ್' ಸಾಲಿಗೆ ಹಾಕುವಾಗ ನನ್ನ ಮೈ ಉರಿಯಿತು. ಅವಳು ಮಾತ್ರ, "ಕಾಫಿ ಪುಕ್ಕಟೆ ಕೊಟ್ಟರು" ಅಂದಳು.

ಎಲ್‌ಪಿ ಕೇಳಿದ್ದು ಶನಿವಾರ ರಾತ್ರಿ. ಗಣಿ ಮುಚ್ಚಿದ ಮೇಲೂ ಅಪ್ಪ ಬೆಳಗಿನ ನಾಲ್ಕಕ್ಕೇ ಎದ್ದು ಊಟದ ಡಬ್ಬ ಕಟ್ಟಿಕೊಳ್ಳುತ್ತಿದ್ದನೆಂಬ ಹಾಡಿದೆ. ಪಲ್ಲವಿಯೇ ಇಲ್ಲ, ಒಂದು ಪದ್ಯ ಮುಗಿದರೆ ಇನ್ನೊಂದು ಬೆಳಗು, ಮತ್ತೆ ಡಬ್ಬ. ಎರಡು ಸಲ ಹಾಕಿಕೊಂಡು ಕೇಳಿದೆ. ಪಿಟೀಲು ಡ್ರಮ್ಮುಗಳ ಗದ್ದಲದ ಹಾಡುಗಳೆಲ್ಲ ಎರಡೂ ಬದಿಯ ಮೊದಲಿಗಿವೆ, ಕೊನೆಗೆ ಬರೀ ಗಿಟಾರು ಮತ್ತು ಪಿಸುದನಿ. ಗದ್ದಲದಿಂದ ಮೌನದ ಕಡೆಗೆ ನಡೆಯುವ ಈ ಜೋಡಣೆ ಎಷ್ಟು ಅರ್ಥಪೂರ್ಣ ಎಂದು ಉದ್ದನೆಯ ಮೆಸೇಜ್ ಬರೆದೆ. ಉತ್ತರ ಬಂತು: "ಅದು ರೇಖಾಗಣಿತ." ತಟ್ಟೆ ತಿರುಗುವ ವೇಗ ಒಂದೇ, ನಿಮಿಷಕ್ಕೆ 33⅓ ಸುತ್ತು. ಆದರೆ ಅಂಚಿನಲ್ಲಿ ಒಂದು ಸುತ್ತಿಗೆ ಮುಳ್ಳು ಕ್ರಮಿಸುವ ದಾರಿ ಉದ್ದ, ನಡುವಿಗೆ ಬಂದಂತೆ ಗಿಡ್ಡ. ಹೆಚ್ಚು ಸದ್ದನ್ನು ಆ ಗಿಡ್ಡ ದಾರಿಗೆ ತುರುಕಿದರೆ 'ಸ'ಕಾರಗಳೆಲ್ಲ ಸೀಳಿಹೋಗುತ್ತವೆ. ಅದಕ್ಕೇ ಮೆತ್ತನೆಯ ಹಾಡುಗಳು ಕೊನೆಗೆ. ಬದಿಗೆ ಇಪ್ಪತ್ತು ನಿಮಿಷ ದಾಟಬಾರದೆಂದು ಅಪ್ಪನ ಹಾಡಿನ ಒಂದು ಪದ್ಯವನ್ನೂ ಕತ್ತರಿಸಿದಳಂತೆ. ಯಾವ ಪದ್ಯ ಎಂದು ಕೇಳಿದೆ. ಹೇಳಲಿಲ್ಲ.

ಆ ತಟ್ಟೆಯನ್ನು ಅವಳು ಪುಕ್ಕಟೆ ಕೊಡಲು ಬಂದಿದ್ದಳು. ದಾಸ್ತಾನು ಲೆಕ್ಕ ಕೆಡುತ್ತದೆ, ಬೇಡ ಎಂದೆ. 30 ಡಾಲರ್. ನಮ್ಮ ಕೌಂಟಿಯ (ಜಿಲ್ಲೆಯ) ಮಾರಾಟ ತೆರಿಗೆ ಈಗ ಶೇ. 9.75, ಅಂದರೆ 2 ಡಾಲರ್ 93 ಸೆಂಟ್. 33 ಕೊಟ್ಟೆ. ಚಿಲ್ಲರೆಗೆ ಜೇಬು ತಡಕಿದಳು, ಸಿಗಲಿಲ್ಲ. ಬೂಟಿನ ಡಬ್ಬದಿಂದಲೇ ಒಂದು ಚೀಟಿ ತೆಗೆದು ನನಗೆ ರಸೀದಿ ಬರೆದಳು. ಬರೆಯುತ್ತ ತಲೆ ಎತ್ತಿ ಕೇಳಿದಳು: "ಮಿಕ್ಕ ಏಳು ಸೆಂಟ್ ಐವರಲ್ಲಿ ಯಾರ ಹೆಸರಿಗೆ ಹಾಕಲಿ?"