ಪಬ್ಲಿಷ್ ಒತ್ತಿದ ಮೇಲೆ ಶುರುವಾಗುವ ಕೆಲಸ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಚಿಕ್ಕ ಆಫೀಸು. ಶಾಲೆಗಳಿಗೆ ಡಿಜಿಟಲ್ ಪಾಠ ಮಾಡಿಕೊಡುತ್ತೇವೆ. ವಿಡಿಯೊ, ಪಿಡಿಎಫ್, ಸಣ್ಣ ಕ್ವಿಜ್, ಹೀಗೆ. ಬರೆಯುವವರು ಬೇರೆ, ಪರಿಶೀಲಿಸುವವರು ಬೇರೆ. ಯಾವ ಪಾಠ ಯಾವಾಗ ಮಕ್ಕಳ ಮುಂದೆ ಹೋಗಬೇಕು, ಯಾವುದನ್ನು ಯಾವಾಗ ಹಿಂದಕ್ಕೆ ತೆಗೆಯಬೇಕು ಅನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ. ಹೊಸದಾಗಿ ಬಂದ ಹುಡುಗರು ಪಬ್ಲಿಷ್ ಆಯ್ತು ಅಂದರೆ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ನನ್ನ ತಲೆನೋವು ಅಲ್ಲಿಂದಲೇ ಶುರು.

ನಮ್ಮ ಕ್ಯಾಟಲಾಗ್, ಅಂದರೆ ಪಾಠಗಳ ಇಡೀ ಸಂಗ್ರಹ, ಸನ್‌ಬರ್ಡ್ ಅನ್ನುವ ತಂತ್ರಾಂಶದ ಮೇಲೆ ನಡೆಯುತ್ತದೆ. 2017ರಲ್ಲಿ ಬಂದ, ಸರ್ಕಾರದ ಶಾಲಾ ಪಾಠಗಳ ಆ್ಯಪ್ ದೀಕ್ಷಾ ಕೂಡ ಇದೇ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಒಂದು ಪಾಠ ಮೊದಲು ಡ್ರಾಫ್ಟ್, ಆಮೇಲೆ ರಿವ್ಯೂ, ಆಮೇಲೆ ಲೈವ್, ಕೊನೆಗೆ ರಿಟೈರ್ಡ್, ಅಂದರೆ ಹಿಂದಕ್ಕೆ ತೆಗೆದದ್ದು. ಲೈವ್ ಇರುವ ಪಾಠವನ್ನು ತಿದ್ದಲು ತೆಗೆದರೆ ಸಿಸ್ಟಮ್ ಅದರದೊಂದು ಪ್ರತಿ ಮಾಡಿಕೊಡುತ್ತದೆ. ಆ ಪ್ರತಿಯಲ್ಲಿ ಏನು ಬೇಕಾದರೂ ಗೀಚಿ, ಶಾಲೆಯಲ್ಲಿ ಕಾಣುವುದು ಹಳೆಯದೇ. ಮತ್ತೆ ಪಬ್ಲಿಷ್ ಮಾಡಿದಾಗ ತಿದ್ದಿದ ಪ್ರತಿ ಹಳೆಯದರ ಜಾಗಕ್ಕೆ ಬರುತ್ತದೆ. ಎಷ್ಟನೇ ಆವೃತ್ತಿ ಅಂತ ಹೇಳುವ ಪ್ಯಾಕೇಜ್ ವರ್ಷನ್ ನಂಬರ್ ಒಂದು ಏರುತ್ತದೆ. ಪಾಠದ ಗುರುತಿನ ಸಂಖ್ಯೆ, ಐಡಿ, ಮಾತ್ರ ಬದಲಾಗುವುದಿಲ್ಲ.

ಈ ಐಡಿ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಚ್ಚಾಗಿರುತ್ತದೆ, ಅಲ್ವಾ? ಅಚ್ಚಾದದ್ದನ್ನು ನಾವು ಇಲ್ಲಿ ಕೂತು ಬದಲಿಸೋಕಾಗಲ್ಲ. ಕೋಡ್ ಒಂದು ಅಧ್ಯಾಯಕ್ಕೆ ಹೋಗುತ್ತದೆ, ಅಧ್ಯಾಯ ಪಾಠದ ಐಡಿಯನ್ನು ಹುಡುಕುತ್ತದೆ. ಹಳೆಯದನ್ನು ರಿಟೈರ್ ಮಾಡಿ, ತಿದ್ದಿದ್ದನ್ನು ಹೊಸ ಐಡಿಯಲ್ಲಿ ಹಾಕುವುದು ಸುಲಭ ಅನ್ನಿಸುತ್ತದೆ. ಆದರೆ ಅದನ್ನು ಸೇರಿಸಿಕೊಂಡ ಅಧ್ಯಾಯಗಳೆಲ್ಲ ಖಾಲಿ ಜಾಗವನ್ನು ತೋರಿಸುತ್ತಾ ಕೂರುತ್ತವೆ. ಹಾಗಾಗಿ ರಿಟೈರ್ ಬಟನ್‌ಗೆ ಕೈ ಹಾಕುವ ಮುಂಚೆ ಈ ಪಾಠ ಯಾವ ಯಾವ ಪುಸ್ತಕದಲ್ಲಿ ಇದೆ ಅನ್ನುವ ಪಟ್ಟಿ ನನ್ನ ಟೇಬಲ್ ಮೇಲೆ ಇರಬೇಕು. ಪಬ್ಲಿಷ್‌ಗೆ ಒಬ್ಬರ ಒಪ್ಪಿಗೆ ಸಾಕು. ರಿಟೈರ್‌ಗೆ ಇಬ್ಬರದು ಬೇಕು ಅಂತ ನಾವು ಮಾಡಿಕೊಂಡಿದ್ದೇವೆ.

ನಮ್ಮ ಭಾಗದ ಪರಿಚಯದ ಪಾಠ ಒಂದಿದೆ. ಇಡೀ ಕ್ಯಾಟಲಾಗ್‌ನಲ್ಲಿ ಜಾಸ್ತಿ ವರ್ಷನ್ ಕಂಡದ್ದು ಅದೇ ಇರಬೇಕು. ಯಾಕೆ ಅಂದರೆ ಊರಿನ ಹೆಸರೇ ನಿಂತಲ್ಲಿ ನಿಂತಿಲ್ಲ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿ ಆಯಿತು. 2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ, ಆರು ಜಿಲ್ಲೆ ಇದ್ದದ್ದು ಏಳಾಯಿತು.

ಹೆಸರು ತಾನೇ, ಹುಡುಕಿ ಬದಲಿಸಿದರಾಯಿತು ಅಂತ ಒಬ್ಬ ಹುಡುಗ ಅಂದ. ಅವನ ಪಕ್ಕದಲ್ಲಿ ಕೂತು ಪಾಠವನ್ನು ಸಾಲು ಸಾಲಾಗಿ ಓದಿದೆವು. ಗುಲಬರ್ಗಾ ವಿಶ್ವವಿದ್ಯಾಲಯ ಬಂತು. ಅದರ ಹೆಸರು ಈಗಲೂ ಹಾಗೇ ಇದೆ. ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಸಿಕ್ಕಿದ್ದು ಊರಿನ ಹೆಸರು ಬದಲಾದ ಮೇಲೆ, 2019ರಲ್ಲಿ. ಆದರೂ ನೋಂದಣಿಯಲ್ಲಿ ಇರುವುದು ಗುಲಬರ್ಗಾ ತೊಗರಿ ಬೇಳೆ ಅಂತಲೇ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಮಾತುಗಳನ್ನು ಹಾಗೇ ಎತ್ತಿ ಬರೆದ ಸಾಲಿನಲ್ಲಿ ಹೈದರಾಬಾದ್ ಕರ್ನಾಟಕ ಅಂತಿದೆ. ಸಂವಿಧಾನದ ಸಾಲನ್ನು ನಾವು ಕಂಪ್ಯೂಟರ್ ಮುಂದೆ ಕೂತು ತಿದ್ದುವುದೇ? ಹುಡುಗ ನಕ್ಕ. ಒಂದೇ ಪುಟದಲ್ಲಿ ಕೆಲವು ಕಡೆ ಹಳೆಯ ಹೆಸರು ಸರಿ, ಕೆಲವು ಕಡೆ ತಪ್ಪು. ಅದನ್ನು ಮನುಷ್ಯರೇ ಓದಿ ಹೇಳಬೇಕು.

ಅದೇ ಪಾಠದ ಕ್ವಿಜ್ ಇನ್ನೂ ಕಷ್ಟ ಕೊಟ್ಟಿತು. ಈ ಭಾಗದಲ್ಲಿ ಎಷ್ಟು ಜಿಲ್ಲೆಗಳಿವೆ? ಉತ್ತರವನ್ನು ಏಳು ಅಂತ ಬದಲಿಸಿದರೆ ಹಳೆಯ ಪುಸ್ತಕ ಓದಿ ಆರು ಅಂತ ಒತ್ತಿದ ಮಗುವಿಗೆ ಸೊನ್ನೆ ಬೀಳುತ್ತದೆ. ಪುಸ್ತಕ ಹಳೆಯದು, ಅದರ ಕೋಡ್ ತೆರೆಯುವ ಕ್ವಿಜ್ ಹೊಸದು. ಮಗು ಮಾಡಿದ ತಪ್ಪಾದರೂ ಏನು? ಕೊನೆಗೆ ಪ್ರಶ್ನೆಯನ್ನೇ ತಿರುಗಿಸಿದೆವು: 2021ರಲ್ಲಿ ಈ ಭಾಗಕ್ಕೆ ಹೊಸದಾಗಿ ಸೇರಿದ ಜಿಲ್ಲೆ ಯಾವುದು? ಈ ಪ್ರಶ್ನೆ ಹಳೆಯದಾಗುವುದಿಲ್ಲ.

ಅಕ್ಷರ ತಪ್ಪು ತಿದ್ದುವುದಕ್ಕೂ ಉತ್ತರ ಬದಲಿಸುವುದಕ್ಕೂ ಸಿಸ್ಟಮ್ ಒಂದೇ ಲೆಕ್ಕ ಹಾಕುತ್ತದೆ, ಎರಡಕ್ಕೂ ನಂಬರ್ ಒಂದೇ ಏರುತ್ತದೆ. ನಾವು ಹಾಗೆ ನೋಡುವುದಿಲ್ಲ. ಕಾಗುಣಿತ ತಿದ್ದಿದರೆ ಸುಮ್ನೆ ಪಬ್ಲಿಷ್. ಅರ್ಥವೋ ಉತ್ತರವೋ ಬದಲಾದರೆ ಏನು, ಯಾಕೆ ಅಂತ ಎರಡು ಸಾಲು ಬರೆದು, ಆ ಪಾಠ ಬಳಸುವ ಮೇಷ್ಟ್ರುಗಳಿಗೆ ತಿಳಿಸಿ, ಆಮೇಲೆ ಪಬ್ಲಿಷ್. ಪರೀಕ್ಷೆ ಹತ್ತಿರ ಇದ್ದರೆ ತಡೆದು ಹಿಡಿಯುತ್ತೇವೆ.

ಇಬ್ಬರು ಒಂದೇ ಪಾಠವನ್ನು ಒಟ್ಟಿಗೆ ತೆಗೆದಾಗ ಮೊದಲು ಸೇವ್ ಮಾಡಿದವರದು ಉಳಿಯುತ್ತದೆ. ಪ್ರತಿ ಸಲ ಸೇವ್ ಆದಾಗ ಬದಲಾಗುವ ಗುರುತು, ವರ್ಷನ್ ಕೀ, ಎರಡನೆಯವರ ಹತ್ತಿರ ಹಳೆಯದೇ ಇರುವುದರಿಂದ ಅವರ ಸೇವ್ ವಾಪಸ್ ಬರುತ್ತದೆ. ಸಿಟ್ಟು ಬರುತ್ತದೆ, ನಿಜ. ಆದರೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಗೊತ್ತಿಲ್ಲದೆ ಬರೆದುಬಿಡುವುದಕ್ಕಿಂತ ಇದು ಎಷ್ಟೋ ವಾಸಿ.

ಇಷ್ಟೆಲ್ಲ ಮಾಡಿದರೂ ಪೂರ್ತಿ ಕೈಗೆ ಸಿಗದ್ದು ಒಂದಿದೆ, ಡೌನ್‌ಲೋಡ್ ಆಗಿ ಹೋದ ಪ್ರತಿ. ಚಿಂಚೋಳಿ ಕಡೆಯ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. "ಸರ್, ನಮ್ಮ ಹುಡುಗ್ರ ಮೊಬೈಲ್‌ನಾಗ ಇನ್ನಾ ಆರೇ ಜಿಲ್ಲಾ ತೋರ್ಸಲಿಕತ್ತದ ನೋಡ್ರಿ" ಅಂದರು. ಅವರ ಶಾಲೆಯಲ್ಲಿ ನೆಟ್‌ವರ್ಕ್ ಬಂದರೆ ಬಂತು. ಪಾಠವನ್ನು ಒಮ್ಮೆ ಇಳಿಸಿಕೊಂಡು ವರ್ಷಗಟ್ಟಲೆ ಅದನ್ನೇ ಓಡಿಸುತ್ತಾರೆ. ಹೊಸ ವರ್ಷನ್ ಬಂದಿದೆ ಅಂತ ಫೋನಿಗೆ ಗೊತ್ತಾಗಲು ಅದು ಆನ್‌ಲೈನ್ ಬರಬೇಕಲ್ಲ! ಅದಕ್ಕೇ ಈಗ ಪ್ರತಿ ಪಾಠದ ಮೊದಲ ಪರದೆಯಲ್ಲೇ ತಿಂಗಳು, ವರ್ಷ ಹಾಕುತ್ತೇವೆ. ಪಾಠ ಎಂದಿನದು ಅಂತ ಮೇಷ್ಟ್ರಿಗೆ ಪರದೆ ನೋಡಿದರೆ ಸಾಕು, ತಿಳಿಯುತ್ತದೆ. ತಾಲ್ಲೂಕು ಕೇಂದ್ರಕ್ಕೆ ಮೀಟಿಂಗ್‌ಗೆ ಬಂದಾಗ ಅಪ್‌ಡೇಟ್ ಮಾಡಿಕೊಂಡು ಹೋಗುತ್ತಾರೆ.

2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆದಾಗ ಆಫೀಸಿನಲ್ಲಿ ಹುಡುಕಿ ಬದಲಿಸೋಣ ಅಂತ ಯಾರೂ ಅನ್ನಲಿಲ್ಲ. ಆ ಹೆಸರು ಇರುವ ಪಾಠಗಳ ಪಟ್ಟಿ ಮೊದಲು ತೆಗೆದರು. ಜಿಲ್ಲೆಯ ಮಾತು ಬಂದ ಕಡೆ ಒಂದು ಗುರುತು, ಊರಿನ ಮಾತು ಬಂದ ಕಡೆ ಇನ್ನೊಂದು ಗುರುತು ಹಾಕಿ ರಿವ್ಯೂಗೆ ಕಳಿಸಿದರು.