ಮಾವು ಬೇಕೋ, ಹಲಸು ಬೇಕೋ?

ಶಾಲೆಯ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಬರೆಯುವಾಗ ಮಾಷ್ಟ್ರ ಬೆತ್ತ, ಮಧ್ಯಾಹ್ನದ ಗಂಜಿ, ಸಂಜೆಯ ಲಾಂಗ್ ಬೆಲ್ ಬಂದೇ ಬರುತ್ತವೆ. ಅವನ್ನು ಬೇರೆಯವರು ಬರೆದಾರು. ನನ್ನ ನೆನಪಿನಲ್ಲಿ ಗಟ್ಟಿಯಾಗಿ ಕೂತದ್ದು ಡ್ರಿಲ್ ಪೀರಿಯಡ್. ಅದರಲ್ಲೂ ಆಟ ಶುರುವಾಗುವ ಮೊದಲಿನ ಏರ್ಪಾಡು. ಈಗ ಐದು, ಆರು, ಏಳರಲ್ಲಿರುವ ಮಕ್ಕಳಿಗೂ ಅವರನ್ನು ಅಂಗಳಕ್ಕೆ ಇಳಿಸುವ ಟೀಚರುಗಳಿಗೂ ಉಪಯೋಗವಾಗಲಿ ಎಂದು ಅದನ್ನಷ್ಟೇ ಬರೆಯುತ್ತೇನೆ.

ಕಾಸರಗೋಡಿನ ಕಡೆಯ ಶಾಲೆಯಲ್ಲಿ ಗುಂಪು ಮಾಡುವುದೇ ಒಂದು ಕೆಲಸ. ಒಂದೇ ಕಂಪೌಂಡಿನೊಳಗೆ ಕನ್ನಡ ಡಿವಿಷನ್, ಮಲಯಾಳ ಡಿವಿಷನ್. ಮನೆಗೆ ಹೋದರೆ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ. "ಎರಡು ಟೀಮಾಗಿ" ಎಂದು ಸುಮ್ಮನೆ ಹೇಳಿದರೆ ಮಕ್ಕಳು ಡಿವಿಷನ್ ಪ್ರಕಾರವೇ ಎರಡಾಗುತ್ತಾರೆ. ಆಮೇಲೆ ಆಟ ಐದು ನಿಮಿಷ, ಜಗಳ ಇಪ್ಪತ್ತು ನಿಮಿಷ.

ಇಬ್ಬರು ಲೀಡರುಗಳು ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ ಎಲ್ಲ ಕಡೆ ಇದೆ. ನನ್ನ ಪ್ರಕಾರ ಅದರಷ್ಟು ಕೆಟ್ಟ ಪದ್ಧತಿ ಇನ್ನೊಂದಿಲ್ಲ. ಕೊನೆಗೆ ಉಳಿದ ಮಗುವನ್ನು ಯಾರೂ ಆರಿಸುವುದಿಲ್ಲ, ಪಾಲಿಗೆ ಬಂದದ್ದೆಂದು ತೆಗೆದುಕೊಳ್ಳುತ್ತಾರೆ. ಸಾಲಿನಲ್ಲಿ ನಿಲ್ಲಿಸಿ "ಒಂದು, ಎರಡು" ಎಂದು ಎಣಿಸಿದರೆ ಚೂಟಿ ಮಕ್ಕಳು ತನಗೂ ಗೆಳೆಯನಿಗೂ ಮಧ್ಯೆ ಒಬ್ಬನನ್ನು ಬಿಟ್ಟು ನಿಂತು ಒಂದೇ ನಂಬರು ಗಿಟ್ಟಿಸಿಕೊಳ್ಳುತ್ತಾರೆ. ಎತ್ತರದ ಪ್ರಕಾರ ನಿಲ್ಲಿಸಿ ಎಣಿಸಿದರೆ ಈ ಉಪಾಯ ನಡೆಯುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಹೆಸರಿಟ್ಟು ಬರುವುದು. ಓಟದಲ್ಲಿ, ಎಸೆತದಲ್ಲಿ ಸರಿಸುಮಾರು ಸಮನಾದ ಇಬ್ಬರು ಜೋಡಿಯಾಗಿ ದೂರ ಹೋಗಿ ಗುಟ್ಟಿನಲ್ಲಿ ಒಂದೊಂದು ಹೆಸರು ಇಟ್ಟುಕೊಳ್ಳುತ್ತಾರೆ. ಹೆಗಲ ಮೇಲೆ ಕೈ ಹಾಕಿಕೊಂಡು ಬಂದು "ಮಾವು ಬೇಕೋ, ಹಲಸು ಬೇಕೋ?" ಎಂದು ಲೀಡರನ್ನು ಕೇಳುತ್ತಾರೆ. ಅವನು ಹಲಸು ಎಂದರೆ ಹಲಸು ಅವನ ಕಡೆಗೆ, ಮಾವು ಆಚೆಗೆ. ಮುಂದಿನ ಜೋಡಿಯನ್ನು ಇನ್ನೊಬ್ಬ ಲೀಡರು ಆರಿಸುತ್ತಾನೆ. ಯಾರೂ ಯಾರನ್ನೂ ಬೇಡ ಎನ್ನಲಿಲ್ಲ, ಬಲವೂ ಸಮನಾಯಿತು. ಒಂದೇ ಒಂದು ಕಟ್ಟಳೆ ಸೇರಿಸಬೇಕು: ಜೋಡಿಯ ಇಬ್ಬರೂ ಒಂದೇ ತರಗತಿಯ, ಒಂದೇ ಡಿವಿಷನ್ನಿನವರಾಗಿರಬೇಕು. ಆಗ ಕನ್ನಡ, ಮಲಯಾಳ ಎರಡೂ ಎರಡು ಕಡೆಗೆ ತಾವಾಗಿಯೇ ಹಂಚಿಹೋಗುತ್ತವೆ. ಪಯಸ್ವಿನಿ, ಚಂದ್ರಗಿರಿ ಎಂದು ಹೊಳೆಗಳ ಹೆಸರಿಟ್ಟು ಬರುವವರೂ ಇದ್ದರು. ಪಯಸ್ವಿನಿ ಹೋಗಿ ಸೇರುವುದು ಚಂದ್ರಗಿರಿಯನ್ನೇ ಎನ್ನುವುದು ಬೇರೆ ಮಾತು.

ಇದು ಕೆಡುವುದು ಎರಡು ಕಡೆ. ಹೆಸರು ಹೇಳುವಾಗ ಕಣ್ಣು ಮಿಟುಕಿಸಿದರೆ ಲೀಡರಿಗೆ ಗುಟ್ಟು ಗೊತ್ತಾಗುತ್ತದೆ, ಹಾಗಾಗಿ ಅವನು ಬೆನ್ನು ಹಾಕಿ ನಿಲ್ಲಬೇಕು. ಲೆಕ್ಕ ಬೆಸವಾದರೆ ಒಬ್ಬ ಉಳಿಯುತ್ತಾನೆ. ಅವನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡಿ ಕೂರಿಸಬಾರದು. ಯಾವ ಕಡೆಯದ್ದು ಎಸೆಯುವ ಸರದಿಯೋ ಆ ಕಡೆಗೆ ಆಡಲಿ. ಎರಡೂ ಟೀಮಿಗೆ ಅವನು ಬೇಕಾದವನಾಗುತ್ತಾನೆ.

ಲಗೋರಿಗೆ ಏಳು ಚೂರು ಬೇಕು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರು ನೋಡಲು ಚಂದ, ಆದರೆ ಚೆಂಡು ಬಿದ್ದಂತೆ ಹುಡಿಯಾಗುತ್ತದೆ. ಒಡೆದ ಮಂಗಳೂರು ಹಂಚೇ ಸರಿ. ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡದಿದ್ದರೆ ಬೆರಳು ಕೊಯ್ಯುತ್ತದೆ. ಅಡಿಯದ್ದು ಅಂಗೈಯಗಲ, ಮೇಲಿನದ್ದು ಬೆಂಕಿಪೆಟ್ಟಿಗೆಯಷ್ಟು. ಏಳೂ ಒಂದೇ ಗಾತ್ರವಾದರೆ ರಾಶಿ ಅಲುಗಾಡುತ್ತದೆ, ಮತ್ತೆ ಕಟ್ಟುವಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ. ಎಸೆಯುವ ಗೆರೆ ಐದನೆಯವರಿಗೆ 4 ಮೀಟರ್, ಏಳನೆಯವರಿಗೆ 5 ಮೀಟರ್ ಇರಲಿ, ತಲಾ ಮೂರು ಎಸೆತ. ಚೆಂಡು ಮೆತ್ತಗಿನ ರಬ್ಬರಿನದ್ದು. ಟೆನಿಸ್ ಚೆಂಡು ನೀರು ಕುಡಿದರೆ ಭಾರವಾಗಿ ಬೆನ್ನಿಗೆ ಬಿದ್ದಲ್ಲಿ ಬರೆ ಏಳುತ್ತದೆ. ಸೊಂಟದಿಂದ ಕೆಳಗೆ ತಾಗಿದರೆ ಮಾತ್ರ ಔಟ್ ಎಂದು ಮೊದಲೇ ಹೇಳಿಬಿಡಬೇಕು.

ಲಗೋರಿ ಗುಂಪಿನ ಆಟವಾಗುವುದು ಇನ್ನೊಂದು ಕಟ್ಟಳೆಯಿಂದ. ಚೆಂಡು ಕೈಗೆ ಬಂದವನು ಓಡಬಾರದು, ಹೊಡೆಯುವ ಮೊದಲು ಚೆಂಡು ಮೂವರ ಕೈ ದಾಟಿರಬೇಕು. ಇದಿಲ್ಲದಿದ್ದರೆ ಏಳನೆಯ ಗಟ್ಟಿಗನೊಬ್ಬನೇ ಆಡುತ್ತಾನೆ, ಉಳಿದವರು ತೋಟಕ್ಕೆ ಉರುಳಿದ ಚೆಂಡು ತರುವ ಆಳುಗಳಾಗುತ್ತಾರೆ. ಔಟಾದವರು ಕೂರಲೂ ಬಾರದು. ರಾಶಿಯಿಂದ ಹತ್ತು ಹೆಜ್ಜೆ ದೂರದ ಮರ ಮುಟ್ಟಿ, ಇಪ್ಪತ್ತು ಎಣಿಸಿ ಮತ್ತೆ ಒಳಗೆ ಬರಲಿ. ಬೇಗ ಔಟಾಗುವವರೇ ಹೆಚ್ಚು ಆಡಬೇಕಾದವರು.

ಖೋ ಖೋ ನಮ್ಮಲ್ಲಿ ಎಲ್ಲರಿಗೂ ಗೊತ್ತು. ದೊಡ್ಡವರ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಮ್ಮ ಎಷ್ಟೋ ಶಾಲೆಗಳ ಅಂಗಳದಲ್ಲಿ ಅಷ್ಟು ಸಮತಟ್ಟು ಜಾಗವೇ ಸಿಗದು. ಎಂಟರ ಬದಲು ಆರು ಮಂದಿಯನ್ನು ಎರಡೆರಡು ಮೀಟರಿಗೆ ಕೂರಿಸಿದರೂ ಆಟ ನಡೆಯುತ್ತದೆ. ಖೋ ಕೊಡುವವನು ಬೆನ್ನು ಮುಟ್ಟಲಿ, ದೂಡದಿರಲಿ. ಮುರಕಲ್ಲಿನ ಜಲ್ಲಿಯ ಮೇಲೆ ಮುಗ್ಗರಿಸಿದ ಮೊಣಕಾಲು ವಾರಗಟ್ಟಲೆ ಮಾಯುವುದಿಲ್ಲ.

ಹಗ್ಗಜಗ್ಗಾಟಕ್ಕೆ ಬಾವಿಯ ಹಗ್ಗ ತರಬೇಡಿ. ಸಪೂರ ಹಗ್ಗ ಅಂಗೈ ಕೊಯ್ಯುತ್ತದೆ, ಸವೆದಿದ್ದರೆ ನಡುವೆಯೇ ತುಂಡಾಗುತ್ತದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗಿ, ಕಡಿದರೆ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಅಂತಾರಾಷ್ಟ್ರೀಯ ಸ್ಪರ್ಧೆಯ ಹಗ್ಗಕ್ಕೆ 10ರಿಂದ 12.5 ಸೆಂಟಿಮೀಟರ್ ಸುತ್ತಳತೆ, ಕನಿಷ್ಠ 33.5 ಮೀಟರ್ ಉದ್ದ. ನಮಗೆ ಅಷ್ಟೇ ದಪ್ಪದ, 20 ಮೀಟರಿನ ಹಗ್ಗ ಧಾರಾಳ ಸಾಕು. ಒಂದೊಂದು ಕಡೆಗೆ ಎಂಟೆಂಟು ಮಂದಿ. ತಲೆ ಎಣಿಸಿದರೆ ಸಾಲದು, ತೂಕವೂ ಹತ್ತಿರ ಹತ್ತಿರ ಬರಬೇಕು. ಹಗ್ಗದ ನಡುವಿಗೆ ಕೆಂಪು ಬಟ್ಟೆ ಕಟ್ಟಿ, ನೆಲದ ಮೇಲೆ ಸುಣ್ಣದ ಹುಡಿಯಲ್ಲಿ ನಡುಗೆರೆ, ಅದರ ಆಚೀಚೆ ಎರಡೆರಡು ಮೀಟರಿಗೆ ಒಂದೊಂದು ಗೆರೆ ಹಾಕಿ. ಕೆಂಪು ಬಟ್ಟೆ ಯಾರ ಕಡೆಯ ಗೆರೆ ದಾಟಿತೋ ಅವರು ಗೆದ್ದರು.

ಹಗ್ಗವನ್ನು ಮುಂಗೈಗೆ, ಸೊಂಟಕ್ಕೆ ಸುತ್ತಿಕೊಳ್ಳಲು ಬಿಡಲೇಬಾರದು. ಸೋಲುವಾಗ ಬಿಡಿಸಿಕೊಳ್ಳಲಾಗದೆ ಮೂಳೆ ಮುರಿಯುವ ಅಪಾಯ ಇರುವುದು ಅಲ್ಲಿ. ಸೋತವರು ಒಮ್ಮೆಲೇ ಕೈಬಿಟ್ಟರೆ ಗೆದ್ದವರು ಅಂಗಾತ ಬೀಳುತ್ತಾರೆ, ಆದ್ದರಿಂದ ವಿಸಿಲ್ ಆದ ಮೇಲೂ ಮೆಲ್ಲನೆ ಸಡಿಲಿಸಬೇಕು. ಹದಿನಾರು ಕೈ ಬೇರೆ ಬೇರೆ ಹೊತ್ತಿಗೆ ಎಳೆದರೆ ಬಲವೆಲ್ಲ ಪೋಲು. ಪ್ರತಿ ಟೀಮಿಗೂ ಹೊರಗಿನಿಂದ ಕೂಗುವವನೊಬ್ಬ ಬೇಕು. ಕೂಗು ಯಾವ ಭಾಷೆಯದ್ದು ಎಂದು ಜಗಳವಾಡಬೇಕಾಗಿಲ್ಲ, ಐಲೇಸಾ ಎರಡೂ ಡಿವಿಷನ್ನಿಗೆ ಬರುತ್ತದೆ.

ಜೂನಿನಲ್ಲಿ ಶಾಲೆ ಶುರು, ಮಳೆಯೂ ಶುರು. ಅಂಗಳ ಕೆಸರಾಗಿರುವ ತಿಂಗಳುಗಳಿಗೆ ಜಗಲಿಯ ಆಟಗಳು ಬೇಕು. ಕೈಗಂಟು ಅಂಥದ್ದು. ಎಂಟು ಮಂದಿ ಭುಜಕ್ಕೆ ಭುಜ ತಾಗಿಸಿ ವೃತ್ತವಾಗಿ ನಿಂತು, ಎಲ್ಲರೂ ಬಲಗೈ ಚಾಚಿ ಎದುರಿನ ಒಬ್ಬರ ಬಲಗೈ ಹಿಡಿಯಬೇಕು. ಎಡಗೈಯಲ್ಲಿ ಇನ್ನೊಬ್ಬರ ಎಡಗೈ. ಪಕ್ಕದವರ ಕೈಯೂ ಬೇಡ, ಎರಡೂ ಕೈ ಒಬ್ಬರದ್ದೇ ಆಗುವುದೂ ಬೇಡ. ಈಗ ಕೈಬಿಡದೆ, ಕೆಳಗೆ ನುಸುಳಿ, ಮೇಲೆ ದಾಟಿ ಗಂಟು ಬಿಡಿಸಬೇಕು. ಮಂದಿ ಸಮಸಂಖ್ಯೆಯಲ್ಲಿರಬೇಕು, ಇಲ್ಲವಾದರೆ ಒಂದು ಬಲಗೈ ಒಂಟಿಯಾಗುತ್ತದೆ. ಆರು ಮಂದಿಗೆ ಬೇಗ ಮುಗಿಯುತ್ತದೆ, ಹನ್ನೆರಡಾದರೆ ತೋಳು ತಿರುಚಿ ಅಳು ಬರುತ್ತದೆ.

ಕೊನೆಗೆ ಒಂದೇ ವೃತ್ತ ಬರಬೇಕೆಂದಿಲ್ಲ. ಎರಡು ಬೇರೆ ವೃತ್ತ, ಒಂದರೊಳಗೊಂದು ಸಿಕ್ಕಿಕೊಂಡ ಬಳೆಗಳು, ಕೆಲವರು ಹೊರಗೆ ಮುಖ ಮಾಡಿ ನಿಂತ ವೃತ್ತ, ಎಲ್ಲವೂ ಸರಿಯೇ. ಕೆಲವೊಮ್ಮೆ ಬಿಡಿಸಲಾಗದ ಗಂಟೇ ಬೀಳುತ್ತದೆ. ಹತ್ತು ನಿಮಿಷ ನೋಡಿ, ಯಾವ ಒಂದು ಕೊಂಡಿ ಬಿಚ್ಚಿ ಮತ್ತೆ ಹಿಡಿಯಬೇಕೆಂದು ಅವರೇ ತೀರ್ಮಾನಿಸಲಿ. ಏಳನೆಯ ಹುಡುಗ ಹುಡುಗಿಯರು ಕೈ ಹಿಡಿಯಲು ನಾಚಿ ನಿಂತರೆ ಒತ್ತಾಯ ಬೇಡ. ಕೊಂಡಿಗೊಂದರಂತೆ ಬೈರಾಸು (ಟವೆಲು) ಕೊಟ್ಟು ಎರಡು ತುದಿ ಹಿಡಿಸಿದರಾಯಿತು. ಬೆವರಿದ ಕೈ ಜಾರುವ ತೊಂದರೆಯೂ ಆಗ ಇಲ್ಲ.

ಮಾತೇ ಇಲ್ಲದ ಇನ್ನೊಂದು ಆಟ: ಹುಟ್ಟಿದ ದಿನದ ಪ್ರಕಾರ, ಜನವರಿಯಿಂದ ಡಿಸೆಂಬರಿನವರೆಗೆ, ಬಾಯಿ ಬಿಡದೆ ಸಾಲಾಗಿ ನಿಲ್ಲುವುದು. ತಿಂಗಳಿಗೂ ತಾರೀಕಿಗೂ ಬೆರಳ ಸನ್ನೆ. ಭಾಷೆ ಬಾರದವನೆಂದು ಹಿಂದೆ ನಿಲ್ಲುವವನೇ ಇಲ್ಲಿ ಎಲ್ಲರನ್ನೂ ಎಳೆದು ನಿಲ್ಲಿಸುತ್ತಾನೆ. ಇಪ್ಪತ್ತು ಮಂದಿಗೆ ಐದು ನಿಮಿಷ ಕೊಡಿ, ಆಮೇಲೆ ಒಂದು ತುದಿಯಿಂದ ಎಲ್ಲರೂ ಗಟ್ಟಿಯಾಗಿ ತಾರೀಕು ಹೇಳಲಿ. ಶಾಲೆಯ ರಿಜಿಸ್ಟರಿನ ತಾರೀಕೋ, ಮನೆಯಲ್ಲಿ ಪಾಯಸ ಮಾಡುವ ತಾರೀಕೋ ಎಂದು ಮೊದಲೇ ಹೇಳಿರಬೇಕು. ಕೆಲವರಿಗೆ ಎರಡೂ ಬೇರೆ ಇರುತ್ತದೆ, ಸಾಲು ಕೆಡುವುದು ಹೆಚ್ಚಾಗಿ ಅಲ್ಲಿಯೇ.